ಪಾನಗಲ್ ರಾಜರೂ ಹಳ್ಳಿಯ ವೈದ್ಯರೂ

ರಾಷ್ಟ್ರೀಯ ಪಕ್ಷಕ್ಕೆ ಪ್ರತಿಕೂಲರಾಗಿದ್ದವರ ಸತ್ಕಾರ್ಯವನ್ನು ಸ್ಮರಿಸುವುದೂ ಪತ್ರಿಕಾಧರ್ಮವೇ ಸರಿ. ಪಾನಗಲ್ ರಾಜಾ ರಾಮರಾಯನಿಂಗಾರರು ಜಸ್ಟಿಸ್ ಪಕ್ಷದ ಮುಖಂಡರು; ದೇಶಭಕ್ತರು ಶಾಸನಸಭೆಗಳನ್ನು ಬಹಿಷ್ಕರಿಸಿದ್ದ ಕಾಲದಲ್ಲಿ ದ್ವಿಪ್ರಭುತ್ವದ ಅಧಿಕಾರವನ್ನು ವಹಿಸಿದವರು. ಆದರೂ ಬಡ ಹಳ್ಳಿಗನ ರೋಗಶಯ್ಯೆಯ ಬಳಿಗೆ ವೈದ್ಯನನ್ನು ಕರೆತರಲು ಅವರು ಮಾಡಿದ ಪ್ರಯತ್ನವು ಮರೆಯತಕ್ಕದ್ದಲ್ಲ.

ಅವರು 1866ರಲ್ಲಿ ಕಾಳಹಸ್ತಿಯಲ್ಲಿ ಜನಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಸಂಸ್ಕೃತದಲ್ಲಿ ಪರಿಶ್ರಮವನ್ನು ಸಂಪಾದಿಸಿದರು. 1921ರ ಜುಲೈಯಿಂದ 1926ರ ಡಿಸೆಂಬರ್ ವರೆಗೆ ಮದರಾಸು ಪ್ರಾಂತದ ಪ್ರಧಾನ ಮಂತ್ರಿಗಳಾಗಿದ್ದರು. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಆ ಪ್ರಾಂತದೊಳಗಿದ್ದುವು. ಶ್ರೀರಂಗಪಟ್ಟಣ, ನಾಗಮಂಗಲಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದುವು.

ಪದವೀಧರ ವೈದ್ಯರು ಸಂಪಾದನೆಯಿರುವ ಪಟ್ಟಣಗಳಲ್ಲಿಯೇ ನೆಲೆಸುವುದು ಸಹಜವಾಗಿತ್ತು. ಇದನ್ನರಿತು ರಾಜರ ಸರ್ಕಾರವು 1924ರ ಸುಮಾರಿಗೆ ಗ್ರಾಮವೈದ್ಯರ ಸಹಾಯಧನ ಯೋಜನೆಯನ್ನು ಆರಂಭಿಸಿತು. ಹಳ್ಳಿಯಲ್ಲಿ ವಾಸಮಾಡುವ ವೈದ್ಯನಿಗೆ ವರ್ಷಕ್ಕಿಷ್ಟೆಂದು ಹಣ ಸಲ್ಲುವುದು. ಅವನು ನಿರ್ಗತಿಕರಿಗೆ ಉಚಿತ ಚಿಕಿತ್ಸೆ ನೀಡಬೇಕು. ಉಳ್ಳವರಿಂದ ಶುಲ್ಕವನ್ನು ಪಡೆಯಬಹುದು. ಆಸ್ಪತ್ರೆ ಕಟ್ಟುವುದಕ್ಕಿಂತ ಇದು ಅಲ್ಪವ್ಯಯದ ಮಾರ್ಗ. ದೇಶೀಯ ವೈದ್ಯಪದ್ಧತಿಗಳನ್ನೂ ರಾಜರು ಕಡೆಗಣಿಸಲಿಲ್ಲ. ಅವುಗಳಿಗಾಗಿ ಮದರಾಸಿನಲ್ಲಿ ಸರ್ಕಾರಿ ವಿದ್ಯಾಲಯವೊಂದು ಅವರ ಆಡಳಿತದಲ್ಲಿಯೇ ಸ್ಥಾಪಿತವಾಯಿತು. 1928ರ ಡಿಸೆಂಬರ್ 16ರಂದು ಅವರು ಕಾಲವಶರಾದರು.

ಯೋಜನೆಯ ಲೋಪವನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಬ್ರಿಟನ್ನಿನಲ್ಲಿ 1911ರ ವಿಮಾ ಶಾಸನವು ವೈದ್ಯನ ಪಟ್ಟಿಯಲ್ಲಿ ಸೇರಿದ ಕಾರ್ಮಿಕನಿಗೆ ತಲಾ ಇಷ್ಟೆಂದು ಹಣ ಕೊಡಿಸಿತು; ಹೊಸಬನು ಸೇರಿದರೆ ವೈದ್ಯನಿಗೆ ಲಾಭ. ಇಲ್ಲಿಯಾದರೋ ಸಹಾಯಧನವು ವಾಸಕ್ಕೆ ಸಂದಿತೇ ಹೊರತು ರೋಗಿಗಲ್ಲ. ಹತ್ತು ಬಡವರನ್ನು ನೋಡಿದರೂ ನೂರು ಮಂದಿಯನ್ನು ನೋಡಿದರೂ ಮೊತ್ತವೊಂದೇ. ಹೆಚ್ಚಿನ ಸಂಪಾದನೆಯು ಶುಲ್ಕ ತೆರುವವನಿಂದಲೇ ಬರತಕ್ಕದ್ದು. ಹೀಗಿರುವಾಗ ಬಡವನ ಪಾಲಿಗೆ ವೈದ್ಯನ ದಯೆಯೊಂದೇ ಆಧಾರವಾಯಿತು. 1946ರಲ್ಲಿ ಭೋರ್ ಸಮಿತಿಯು ಖಾಸಗಿ ವೃತ್ತಿಯಿಲ್ಲದ, ಪೂರ್ಣಕಾಲದ ಸಂಬಳದ ವೈದ್ಯರೇ ಬೇಕೆಂದು ಸಲಹೆಯಿತ್ತುದು ವಿಚಾರಾರ್ಹವಾಗಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಿಗೆ ವೈದ್ಯರನ್ನು ಆಕರ್ಷಿಸುವ ಉಪಾಯವನ್ನು ಚಿಂತಿಸುವ ಅಧಿಕಾರಿಗಳು ಈ ಚರಿತ್ರೆಯನ್ನು ಮನನ ಮಾಡತಕ್ಕದ್ದು. ವೈದ್ಯನನ್ನು ಊರಿಗೆ ತರುವುದು ಅರ್ಧ ಕಾರ್ಯ. ಅವನ ಬಾಗಿಲು ಬಡವನಿಗೂ ತೆರೆದಿರುವಂತೆ ಮಾಡುವುದು ಉಳಿದರ್ಧ. ಮೊದಲಿನದನ್ನು ಆರಂಭಿಸಿದ ಕೀರ್ತಿ ಪಾನಗಲ್ ರಾಜರದು; ಎರಡನೆಯದನ್ನು ಪೂರೈಸುವ ಹೊಣೆ ನಮ್ಮದು.