ನಾ. ಸು. ಹರ್ಡೀಕರ್

ನಾರಾಯಣ ಸುಬ್ಬರಾವ್ ಹರ್ಡೀಕರ್ (ಮೇ 7, 1889 – ಆಗಸ್ಟ್ 26, 1975) ಕರ್ನಾಟಕದ ಸ್ವಾತಂತ್ರ್ಯ ಹೋರಾಟಗಾರರು, ವೈದ್ಯರು ಮತ್ತು ಹಿಂದೂಸ್ತಾನಿ ಸೇವಾದಳದ ಸ್ಥಾಪಕರು. ರಾಷ್ಟ್ರೀಯ ಚಳವಳಿಯ ಕಾರ್ಯಕರ್ತರಿಗೆ ಶಿಸ್ತು, ಸಂಘಟನೆ ಹಾಗೂ ನಾಯಕತ್ವದ ಕ್ರಮಬದ್ಧ ಶಿಕ್ಷಣ ನೀಡಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಹರ್ಡೀಕರ್ ಧಾರವಾಡದಲ್ಲಿ ಜನಿಸಿದರು. ಕಲ್ಕತ್ತೆಯಲ್ಲಿ ವೈದ್ಯಶಿಕ್ಷಣ ಪಡೆದು, ಸಾರ್ವಜನಿಕ ಆರೋಗ್ಯದ ವ್ಯಾಸಂಗಕ್ಕಾಗಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಲಾಲಾ ಲಜಪತ ರಾಯರೊಂದಿಗೆ ಹೋಂ ರೂಲ್ ಪ್ರಚಾರದಲ್ಲಿ ದುಡಿದು, 1921ರಲ್ಲಿ ಸ್ವದೇಶಕ್ಕೆ ಮರಳಿದರು. ಬಳಿಕ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ತರುಣರನ್ನು ಸಂಘಟಿಸತೊಡಗಿದರು.

ಸೇವಾದಳದ ಸ್ಥಾಪನೆ

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಹರ್ಡೀಕರರೂ ಹುಬ್ಬಳ್ಳಿಯ ಸ್ವಯಂಸೇವಕರೂ ಅದರಲ್ಲಿ ಪಾಲ್ಗೊಂಡು ಸೆರೆಮನೆ ಸೇರಿದರು. ಸೆರೆವಾಸದ ಕಷ್ಟ ತಾಳಲಾರದೆ ಅನೇಕ ಸತ್ಯಾಗ್ರಹಿಗಳು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಮಾತ್ರ ಅದಕ್ಕೆ ಒಪ್ಪಲಿಲ್ಲ. ಉತ್ಸಾಹವೊಂದೇ ಸಾಲದು, ಪೂರ್ವಸಿದ್ಧತೆಯೂ ಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಅದೇ ವರ್ಷದ ಕೊನೆಯಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಸೇವಾದಳ ಸ್ಥಾಪನೆಯಾಯಿತು. ಜವಾಹರಲಾಲ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಸೈನ್ಯದ ಮಾದರಿಯ ಸಂಘಟನೆ ಅಹಿಂಸೆಗೆ ಹೊಂದದೆಂದು ಕಾಂಗ್ರೆಸ್ಸಿನೊಳಗೇ ಕೆಲವರು ವಿರೋಧಿಸಿದ್ದರು.

ತರಬೇತಿ ಕಾರ್ಯ

ಶಿಬಿರಗಳಲ್ಲಿ ಕವಾಯತು, ವ್ಯಾಯಾಮ, ಧ್ವಜವಂದನೆ ಮುಂತಾದವುಗಳ ಶಿಕ್ಷಣ ನೀಡಲಾಗುತ್ತಿತ್ತು. ಬಾಗಲಕೋಟೆಯಲ್ಲಿ ದಳದ ತರಬೇತಿ ಕೇಂದ್ರವಿತ್ತು. ಶಿಬಿರಗಳಲ್ಲಿ ಕಲಿತದ್ದು ಅಧಿವೇಶನಗಳಲ್ಲಿ ಕಾರ್ಯರೂಪಕ್ಕೆ ಬರುತ್ತಿತ್ತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ 1924ರ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರ ಹೊಣೆಯನ್ನು ಹರ್ಡೀಕರರು ನಿರ್ವಹಿಸಿದರು. ಮಹಿಳಾ ವಿಭಾಗವನ್ನು ಕಮಲಾದೇವಿ ಚಟ್ಟೋಪಾಧ್ಯಾಯರು ಮುನ್ನಡೆಸಿದರು. ಪ್ರತಿ ತಿಂಗಳ ಕೊನೆಯ ಭಾನುವಾರ ಧ್ವಜವಂದನೆ ನಡೆಸುವ ಪದ್ಧತಿಯನ್ನು ದಳ ಬಳಕೆಗೆ ತಂದಿತು. ಹರ್ಡೀಕರರು ಸ್ವಯಂಸೇವಕರಿಗಾಗಿ ‘ವಾಲಂಟಿಯರ್’ ಎಂಬ ಪತ್ರಿಕೆಯನ್ನೂ ನಡೆಸಿದರು.

1931ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಸೇವಾದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಅಂಗವಾಗಿ ಅಂಗೀಕರಿಸಿತು. 1932ರಲ್ಲಿ ಬ್ರಿಟಿಷ್ ಸರ್ಕಾರ ಕಾಂಗ್ರೆಸ್ಸಿನೊಂದಿಗೆ ದಳವನ್ನೂ ನಿಷೇಧಿಸಿತು. ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದ ಬಳಿಕವೂ ದಳದ ಮೇಲಿನದು ಮುಂದುವರಿಯಿತು. ಹೀಗಾಗಿ ತರಬೇತಿಯ ಕೆಲಸ ಬಹಳ ಕುಂಠಿತವಾಯಿತು.

ಇತರ ಸೇವೆ ಮತ್ತು ಗೌರವ

ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದ ಸ್ಥಾಪನೆಯಲ್ಲಿ ಹರ್ಡೀಕರರು ಪಾಲುಗೊಂಡರು. 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಪಡೆದರು. ಅವರ ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಭಾರತೀಯ ಅಂಚೆ ಇಲಾಖೆ ಸ್ಮಾರಕ ಅಂಚೆಚೀಟಿಯನ್ನು ಹೊರತಂದಿತು.