ಒಳಗಿನ ರಕ್ತಸ್ರಾವ ಮತ್ತು ಲಾಸನ್ ಟೇಟ್

ಕಣ್ಣಿಗೆ ಕಾಣದ ನಷ್ಟವನ್ನು ಅಂದಾಜು ಮಾಡುವುದು ಅರ್ಥಶಾಸ್ತ್ರಕ್ಕೆ ಎಷ್ಟು ಕಠಿಣವೋ ವೈದ್ಯಶಾಸ್ತ್ರಕ್ಕೂ ಅಷ್ಟೇ ಕಠಿಣ. ಗರ್ಭಕೋಶದ ಹೊರಗೆ, ಬಹುತೇಕ ಅಂಡನಾಳದಲ್ಲಿ, ನೆಲೆನಿಂತ ಗರ್ಭವು ಬೆಳೆದು ನಾಳ ಒಡೆದಾಗ ರಕ್ತವು ಹೊಟ್ಟೆಯೊಳಗೇ ಸುರಿಯುತ್ತದೆ. ಹೊರಗೆ ಕಾಣುವುದು ಅತ್ಯಲ್ಪ. ಈ ಸಾವನ್ನು ತಡೆಯಬಹುದೆಂದು ತೋರಿಸಿಕೊಟ್ಟ ರಾಬರ್ಟ್ ಲಾಸನ್ ಟೇಟ್ ಅವರ ಬದುಕು ಆಡಳಿತದಲ್ಲಿ ದುಡಿದ ನನ್ನಂಥವರಿಗೂ ಪಾಠವೆಂದು ನಾನು ಭಾವಿಸುತ್ತೇನೆ.

ಟೇಟ್ 1845ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದರು. ವೈದ್ಯಶಿಕ್ಷಣವನ್ನು ಅಲ್ಲಿಯೇ ಪಡೆದು 1870ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದರು. ಮರುವರ್ಷ ಆರಂಭವಾದ ಮಹಿಳಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾದರು. ಲಿಸ್ಟರ್ ಅವರ ಕಾರ್ಬಾಲಿಕ್ ವಿಧಾನವನ್ನು ತಿರಸ್ಕರಿಸಿದರೂ ಶುಚಿತ್ವದಲ್ಲಿ ಎಳ್ಳಷ್ಟೂ ರಾಜಿಯಾಗದ ಹಟವಾದಿ ಅವರು.

1881ರಲ್ಲಿ ಹಾಲ್‌ರೈಟ್ ಎಂಬ ವೈದ್ಯರು ಇಂಥ ರೋಗಿಯೊಬ್ಬಳನ್ನು ತೋರಿಸಿ, ಹೊಟ್ಟೆಯನ್ನು ತೆರೆದು ಒಡೆದ ನಾಳವನ್ನು ತೆಗೆಯುವಂತೆ ಕೋರಿದರು. ಟೇಟ್ ಹಿಂಜರಿದರು. ಮತ್ತೆ ರಕ್ತಸ್ರಾವವಾಗಿ ಆಕೆ ಮೃತಪಟ್ಟಳು. ಶವಪರೀಕ್ಷೆಯ ನಂತರ, ರಕ್ತನಾಳವನ್ನು ಕಟ್ಟಿದ್ದರೆ ಆಕೆ ಉಳಿಯುತ್ತಿದ್ದಳೆಂಬುದು ಅವರಿಗೆ ಮನದಟ್ಟಾಯಿತು. 1883ರ ಜನವರಿಯಲ್ಲಿ ಮೊದಲ ಶಸ್ತ್ರಚಿಕಿತ್ಸೆ ನಡೆಸಿದರು, ರೋಗಿ ಬದುಕಲಿಲ್ಲ. ಅಂಟಿಕೊಂಡ ಭಾಗಗಳನ್ನು ಬಿಡಿಸುತ್ತ ಕೂರದೆ ರಕ್ತದ ಮೂಲವನ್ನೇ ಮೊದಲು ಕಟ್ಟಬೇಕೆಂದು ನಿಶ್ಚಯಿಸಿದರು. ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಮತ್ತೊಬ್ಬಾಕೆ ಗುಣಮುಖಳಾದಳು. 1888ರಲ್ಲಿ ಈ ಕುರಿತ ಅವರ ಉಪನ್ಯಾಸಗಳು ಪುಸ್ತಕರೂಪದಲ್ಲಿ ಬಂದವು. 1899ರಲ್ಲಿ ಅವರು ನಿಧನರಾದರು.

ಇಂದು ಗರ್ಭಪರೀಕ್ಷೆಯೂ ಅಲ್ಟ್ರಾಸೌಂಡೂ ಲಭ್ಯವಿವೆ. ಆದರೂ ಒಳಗೆ ಎಷ್ಟು ರಕ್ತ ಹೋಗಿದೆಯೆಂಬ ಅಂದಾಜು ತಪ್ಪುವ ಸಂಭವವಿದೆ. ಆರಂಭದಲ್ಲಿ ರಕ್ತದ ಕಣಗಳೂ ದ್ರವವೂ ಒಟ್ಟಿಗೇ ನಷ್ಟವಾಗುವುದರಿಂದ ಮೊದಲ ಹಿಮೋಗ್ಲೋಬಿನ್ ವರದಿ ಸಹಜವಾಗಿಯೇ ಇರಬಹುದು. ಆರೋಗ್ಯವಂತ ತರುಣಿಯ ದೇಹವು ರಕ್ತದೊತ್ತಡವನ್ನು ಬಹಳ ಹೊತ್ತು ಕಾಪಾಡಿಕೊಂಡು ನಂತರ ಒಮ್ಮೆಲೇ ಕುಸಿಯಬಹುದು. ಆದುದರಿಂದ ನಾಡಿ, ಬಿಳಿಚಿದ ಮುಖ, ತಲೆಸುತ್ತು, ಹೊಟ್ಟೆನೋವು, ಭುಜದ ತುದಿಯ ನೋವು, ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೆ ಕಾಣುವ ದ್ರವ ಇವೆಲ್ಲವನ್ನೂ ಒಟ್ಟಾಗಿ, ಮತ್ತೆ ಮತ್ತೆ ಗಮನಿಸಬೇಕಾಗುತ್ತದೆ.

ಪೂರ್ಣ ಖಚಿತತೆಗಾಗಿ ಕಾಯುವುದೂ ಒಂದು ನಿರ್ಧಾರವೇ. ಅದರ ಬೆಲೆಯನ್ನು ತೆರುವವಳು ರೋಗಿ. ಕಡತವನ್ನು ಮುಂದೂಡುವುದು ಸುರಕ್ಷಿತವೆಂದು ನಂಬುವ ಆಡಳಿತಕ್ಕೆ ಇದು ಸುಲಭವಾಗಿ ಅರ್ಥವಾಗುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಯೋಜನೆ ರೂಪಿಸುವವರು ಹಾಸಿಗೆಗಳ ಸಂಖ್ಯೆಯ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಇಂಥ ರೋಗಿ ನಡುರಾತ್ರಿ ಬಂದರೆ ಸ್ಕ್ಯಾನ್, ಹೊಂದುವ ರಕ್ತ ಮತ್ತು ಶಸ್ತ್ರವೈದ್ಯರು ಎಷ್ಟು ನಿಮಿಷಗಳಲ್ಲಿ ದೊರೆಯುತ್ತಾರೆ?