ಬೆನೆಗಲ್ ನರಸಿಂಗರಾಯರು ಮತ್ತು ತೆರಿಗೆದಾರನ ಅಹವಾಲು

ಒಮ್ಮೆ ಮುಗಿದುಹೋದ ವರಮಾನ ತೆರಿಗೆಯ ಲೆಕ್ಕವನ್ನು ಸರ್ಕಾರವು ಮತ್ತೊಮ್ಮೆ ಬಿಚ್ಚಿ ನೋಡಬಹುದೆ ಎಂಬ ಪ್ರಶ್ನೆ ನಮ್ಮ ಬಂದರಿನ ವರ್ತಕರಿಗೆ ಹೊಸದಲ್ಲ. ನೋಡಬಹುದೆಂದು ಕಾಯಿದೆಯು ಹೇಳುತ್ತದೆ. ಅವಶ್ಯವಿದ್ದಲ್ಲಿ ನೋಡಲೇಬೇಕೆಂದು ನಾವೂ ಹೇಳುತ್ತೇವೆ. ವರಮಾನವನ್ನು ಮರೆಮಾಚಿದವನ ಪಾಲಿನ ಭಾರವನ್ನು ಪ್ರಾಮಾಣಿಕನು ಹೊರಬೇಕೆಂಬುದು ಯಾವ ನ್ಯಾಯ? ಆದರೆ ಮುಚ್ಚಿದ ಖಾತೆಯನ್ನು ಯಾವ ಕಾರಣದಿಂದ ತೆರೆಯಲಾಗುತ್ತಿದೆ, ಆ ಕಾರಣವನ್ನು ಖಾತೆಯ ಒಡೆಯನಿಗೆ ತಿಳಿಸಿದರೆ, ಅವನ ಸಮಾಧಾನವನ್ನು ಕಿವಿಗೊಟ್ಟು ಕೇಳಿದರೆ ಎಂಬ ಪ್ರಶ್ನೆಗಳು ತೆರಿಗೆಯ ಮೊತ್ತಕ್ಕಿಂತಲೂ ದೊಡ್ಡವು. ಇವುಗಳ ಬೇರನ್ನು ಅರಸುತ್ತ ಹೋದವರು ನಮ್ಮ ಊರಿನಲ್ಲಿಯೇ ಹುಟ್ಟಿದ ಒಬ್ಬ ಮಹನೀಯರ ಬಾಳಿನ ಬಳಿಗೆ ಬಂದು ನಿಲ್ಲುತ್ತಾರೆ. ಅವರು ಸರ್ ಬೆನೆಗಲ್ ನರಸಿಂಗರಾಯರು.

ನರಸಿಂಗರಾಯರು 1887ನೆಯ ಇಸವಿ ಫೆಬ್ರವರಿ 26ರಂದು ಮಂಗಳೂರಿನ ಚಿತ್ರಾಪುರ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ರಾಘವೇಂದ್ರರಾಯರು ಹೆಸರಾಂತ ವೈದ್ಯರು. ಅಮ್ಮೆಂಬಳ ಸುಬ್ಬರಾಯ ಪೈಗಳು ಸ್ಥಾಪಿಸಿದ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸಿನಲ್ಲಿ ಪದವಿಯನ್ನು ಪಡೆದು, ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. 1909ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಅವರ ತಮ್ಮಂದಿರಲ್ಲಿ ರಾಮರಾಯರು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರರಾದರು; ಶಿವರಾಯರು ಪತ್ರಿಕೋದ್ಯಮಿಗಳಾಗಿ ರಾಜ್ಯಾಂಗ ರಚನಾ ಸಭೆಯಲ್ಲಿ ಸದಸ್ಯರಾಗಿದ್ದರು. ಒಂದು ಮನೆಯಿಂದ ದೇಶಕ್ಕೆ ಇಷ್ಟು ಸಂದಾಯವಾದರೆ ಸಾಲದೆ?

ಪರರ ಸರ್ಕಾರದ ಚಾಕರಿಯಲ್ಲಿದ್ದವರನ್ನು ಕುರಿತು ಬರೆಯುವಾಗ ದೇಶಾಭಿಮಾನಿ ಪತ್ರಿಕೆಗಳ ಲೇಖನಿಯು ಕೊಂಚ ತಡವರಿಸುವುದುಂಟು. ನಾವು ತಡವರಿಸುವುದಿಲ್ಲ. ಇತರರು ಸೆರೆಮನೆಗಳಲ್ಲಿದ್ದ ಕಾಲದಲ್ಲಿ ರಾಯರು ಕಚೇರಿಗಳಲ್ಲಿದ್ದರೆಂಬುದು ನಿಜ. 1938ರಲ್ಲಿ ಸರ್ ಪದವಿಯನ್ನು ಸ್ವೀಕರಿಸಿದರೆಂಬುದೂ ನಿಜ. ಆದರೆ ಬಂಗಾಳ ಮತ್ತು ಅಸ್ಸಾಮಿನ ಜಿಲ್ಲೆಗಳಲ್ಲಿ ನ್ಯಾಯಾಧಿಕಾರಿಯಾಗಿಯೂ, ಬಳಿಕ ಕಾಯಿದೆಗಳ ಕರಡು ಬರೆಯುವವರಾಗಿಯೂ, ಕಲ್ಕತ್ತೆಯ ಹೈಕೋರ್ಟಿನ ನ್ಯಾಯಮೂರ್ತಿಯಾಗಿಯೂ ಅವರು ಗಳಿಸಿದ ವಿದ್ಯೆಯು ಮುಂದೆ ಸ್ವತಂತ್ರ ಭಾರತಕ್ಕೇ ಒದಗಿಬಂದಿತು.

ಅವರ ಕೆಲಸದ ಕ್ರಮಕ್ಕೆ ಎರಡು ನಿದರ್ಶನಗಳನ್ನು ಕೊಡುವೆವು. ಸಿಂಧೂನದಿಯ ನೀರಿಗಾಗಿ ಪಂಜಾಬಕ್ಕೂ ಸಿಂಧ ಪ್ರಾಂತಕ್ಕೂ ಕಲಹವೆದ್ದಾಗ ವಿಚಾರಣಾ ಆಯೋಗಕ್ಕೆ ರಾಯರೇ ಅಧ್ಯಕ್ಷರಾದರು. 1942ರಲ್ಲಿ ವರದಿ ಹೊರಬಂದಿತು. ಎರಡು ಪಕ್ಷದವರೂ ಅದನ್ನು ಒಪ್ಪಲಿಲ್ಲ. ಒಪ್ಪದಿದ್ದರೂ ತಮ್ಮ ಮಾತನ್ನು ಕೇಳಲಿಲ್ಲವೆಂದು ದೂರುವಂತಿರಲಿಲ್ಲ. ಹಿಂದೂ ಕಾನೂನಿನ ಸುಧಾರಣೆಗಾಗಿ ನೇಮಕವಾದ ಸಮಿತಿಯ ಮುಂದಾಳತ್ವವೂ ಅವರದೇ. ಕರಡನ್ನು ದೇಶಭಾಷೆಗಳಿಗೆ ಭಾಷಾಂತರ ಮಾಡಿಸಿ ಹಂಚಿ, 1945ರಲ್ಲಿ ಊರಿಂದೂರಿಗೆ ಸಂಚರಿಸಿ, ಶಾಸ್ತ್ರಿಗಳಿಂದಲೂ ವಕೀಲರಿಂದಲೂ ಮಹಿಳಾ ಸಂಘಗಳಿಂದಲೂ ಸಾಕ್ಷ್ಯವನ್ನು ತೆಗೆದುಕೊಂಡರು. ತೀರ್ಮಾನಕ್ಕೆ ಮೊದಲು ಅಹವಾಲು ಎಂಬುದು ಅವರಿಗೆ ಪುಸ್ತಕದ ತತ್ತ್ವವಾಗಿರಲಿಲ್ಲ, ನಿತ್ಯದ ಅಭ್ಯಾಸವಾಗಿತ್ತು. ಹೀಗಿರಲು, ಆ ತತ್ತ್ವವನ್ನು ನಮ್ಮ ರಾಜ್ಯಾಂಗದ ಒಂದು ವಾಕ್ಯದಿಂದ ತೆಗೆದುಹಾಕುವ ಕಾರ್ಯದಲ್ಲಿ ಇವರದೇ ಕೈವಾಡವಿದ್ದುದು ಒಂದು ವಿಚಿತ್ರವೇ ಸರಿ.

1946ರ ಜುಲೈಯಲ್ಲಿ ನರಸಿಂಗರಾಯರು ರಾಜ್ಯಾಂಗ ರಚನಾ ಸಭೆಯ ಸಲಹೆಗಾರರಾದರು. ಅವರು ಸಭೆಯ ಸದಸ್ಯರಲ್ಲ. ಮತ ಹಾಕುವ ಅಧಿಕಾರ ಅವರಿಗಿರಲಿಲ್ಲ. 1947ರ ಅಕ್ಟೋಬರದಲ್ಲಿ ಅವರು ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಯಾರ ಪ್ರಾಣವನ್ನಾಗಲಿ ದೇಹಸ್ವಾತಂತ್ರ್ಯವನ್ನಾಗಲಿ ನ್ಯಾಯಸಮ್ಮತವಾದ ವಿಧಾನವಿಲ್ಲದೆ ಹರಣ ಮಾಡಕೂಡದೆಂಬ ಅಮೇರಿಕೆಯ ಸೂತ್ರವು ಅದರಲ್ಲಿ ಇನ್ನೂ ಉಳಿದಿತ್ತು. ಆ ಬಳಿಕ ರಾಯರು ಅಮೇರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ದೇಶಗಳಿಗೆ ಪ್ರಯಾಣ ಹೊರಟರು. ಅಮೇರಿಕೆಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರು ಅವರಿಗೆ ಕೊಟ್ಟ ಬುದ್ಧಿವಾದವೆಂದರೆ, ಆ ಸೂತ್ರವನ್ನು ನೆಚ್ಚಬೇಡಿರಿ ಎಂಬುದು. ಜನಪ್ರತಿನಿಧಿಗಳು ಮಾಡಿದ ಕಾಯಿದೆಯನ್ನು ಕೆಲವೇ ಮಂದಿ ನ್ಯಾಯಾಧೀಶರು ತಮ್ಮ ರುಚಿಗೆ ತಕ್ಕಂತೆ ಹೊಡೆದುಹಾಕುವುದು ಪ್ರಜಾಪ್ರಭುತ್ವಕ್ಕೆ ಸಲ್ಲದು, ನ್ಯಾಯಾಲಯಕ್ಕೂ ಅದು ಹೊರಲಾರದ ಹೊರೆ ಎಂಬುದು ಆ ಪಂಡಿತರ ಮತ.

ರಾಯರಿಗೆ ಈ ಶಂಕೆ ಮೊದಲೇ ಇತ್ತು. ಕಾರ್ಮಿಕರ ಹಿತಕ್ಕಾಗಿ ಮಾಡಿದ ಶಾಸನಗಳನ್ನು ಅಮೇರಿಕೆಯ ಕೋರ್ಟುಗಳು ಇದೇ ಸೂತ್ರದ ಹೆಸರಿನಲ್ಲಿ ರದ್ದುಮಾಡಿದ್ದನ್ನು ಅವರು ಬಲ್ಲರು. ಭೂಮಿಯ ಹಂಚಿಕೆಯಂಥ ಕೆಲಸಕ್ಕೆ ನಮ್ಮಲ್ಲಿಯೂ ಅದೇ ಗತಿಯಾದರೇನು? ಈ ಅಂಜಿಕೆಯನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ನಮ್ಮ ಜಿಲ್ಲೆಯ ಚಾಲಗೇಣಿಯ ಒಕ್ಕಲುಗಳು ತಾವು ಉತ್ತ ನೆಲಕ್ಕೆ ಒಡೆಯರಾದುದನ್ನು ಕಂಡವರು ಇಲ್ಲಿ ಇನ್ನೂ ಬಹುಮಂದಿ ಇದ್ದಾರೆ. ಅಂಥ ಕಾರ್ಯವು ವ್ಯಾಜ್ಯಗಳ ಕೆಸರಿನಲ್ಲಿ ಹೂತುಹೋಗಬಾರದೆಂಬ ದೂರದೃಷ್ಟಿ ರಾಯರಿಗಿತ್ತು.

ಡಾಕ್ಟರ್ ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು ಆ ಸೂತ್ರವನ್ನು ಕೈಬಿಟ್ಟು, ಜಪಾನಿನ 1946ರ ರಾಜ್ಯಾಂಗದ ಮಾದರಿಯಲ್ಲಿ, ಕಾನೂನು ಗೊತ್ತುಪಡಿಸಿದ ವಿಧಾನ ಎಂಬ ಮಾತನ್ನು ಇಟ್ಟಿತು. 1948ರ ಡಿಸೆಂಬರಿನಲ್ಲಿ ಸಭೆಯಲ್ಲಿ ಇದಕ್ಕಾಗಿ ದೊಡ್ಡ ವಾದವೇ ನಡೆಯಿತು. ಮುನ್ಷಿಯವರು ಹಳೆಯ ಸೂತ್ರದ ಪಕ್ಷ; ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರರು ಹೊಸದರ ಪಕ್ಷ; ಅಂಬೇಡ್ಕರರು ಎರಡು ಪಕ್ಷಗಳ ಬಲಾಬಲಗಳನ್ನೂ ಮುಂದಿಟ್ಟು ತೀರ್ಮಾನವನ್ನು ಸಭೆಗೇ ಬಿಟ್ಟರು. ಹೊಸ ಮಾತೇ ಗೆದ್ದಿತು. ಇದರ ಫಲವು ಬೇಗನೆ ಕಾಣಿಸಿತು. ಮುಂದೆ ಕಾಸರಗೋಡಿನಿಂದ ಲೋಕಸಭೆಗೆ ಹೋದ ಎ. ಕೆ. ಗೋಪಾಲನ್ ಅವರು ವಿಚಾರಣೆಯಿಲ್ಲದ ಬಂಧನವನ್ನು ಪ್ರಶ್ನಿಸಿದಾಗ, ವಿಧಾನವು ಕಾಯಿದೆಯಲ್ಲಿದ್ದರೆ ಸಾಕು, ಅದು ನ್ಯಾಯವಾದುದೇ ಎಂಬುದನ್ನು ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಬಹುಮತವು 1950ರಲ್ಲಿ ತೀರ್ಪಿತ್ತಿತು.

ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. 1948ರ ಕರಡಿನ 15ನೆಯ ವಿಧಿಯಲ್ಲಿ ಎರಡು ಮಾತುಗಳು ಒಂದೇ ವಾಕ್ಯದೊಳಗಿದ್ದವು: ಒಂದು, ಪ್ರಾಣಸ್ವಾತಂತ್ರ್ಯಗಳದು, ಇನ್ನೊಂದು, ಕಾನೂನಿನ ಮುಂದೆ ಸಮಾನತೆ ಮತ್ತು ಕಾನೂನುಗಳ ಸಮಾನ ರಕ್ಷಣೆ. ಅಮೇರಿಕೆಯ ರಾಜ್ಯಾಂಗದ 14ನೆಯ ತಿದ್ದುಪಡಿಯಲ್ಲಿಯೂ ಇವೆರಡು ಜೊತೆಯಲ್ಲಿಯೇ ಇವೆ. ರಾಯರ ಕಾಲದಲ್ಲಿ ಮೊದಲಿನದರ ಹಲ್ಲು ಮುರಿಯಿತು. ಎರಡನೆಯದನ್ನು ಯಾರೂ ಮುಟ್ಟಲಿಲ್ಲ. ಕೊನೆಯಲ್ಲಿ ವಾಕ್ಯವನ್ನು ಸೀಳಿ ಎರಡು ವಿಧಿಗಳನ್ನಾಗಿ, 21 ಮತ್ತು 14 ಎಂದು, ಇರಿಸಲಾಯಿತು.

ಇನ್ನು ತೆರಿಗೆಯ ವಿಷಯ. 1922ರ ಕಾಯಿದೆಯ 34ನೆಯ ಕಲಮಿನ ಪ್ರಕಾರ ಅಧಿಕಾರಿಯು ಹಳೆಯ ಲೆಕ್ಕವನ್ನು ತೆರೆಯಬಹುದಿತ್ತು. ಅಲ್ಲಿ ಮೇಲ್ಮನವಿಗೆ ದಾರಿಯಿತ್ತು. ಯುದ್ಧಕಾಲದ ಕಳ್ಳಲಾಭವನ್ನು ಹೊರಗೆಡಹುವುದಕ್ಕಾಗಿ 1947ರಲ್ಲಿ ವರಮಾನ ತೆರಿಗೆ ತನಿಖಾ ಆಯೋಗವೆಂಬ ಬೇರೊಂದು ಏರ್ಪಾಡಾಯಿತು. ಅದರ ಉದ್ದೇಶ ಯುಕ್ತವಾದುದೇ. ಆದರೆ ಆಯೋಗದ ಮುಂದೆ ನಿಂತವನಿಗೆ ತನ್ನ ವಿರುದ್ಧ ಕೂಡಿಹಾಕಿದ ಕಾಗದಪತ್ರಗಳನ್ನು ಪೂರ್ಣವಾಗಿ ನೋಡುವ ಹಕ್ಕಿರಲಿಲ್ಲ. ಸಂಗತಿಗಳ ಬಗ್ಗೆ ಆಯೋಗವು ಕಂಡುಕೊಂಡದ್ದೇ ಅಂತಿಮ. ಅದೇ ತಪ್ಪನ್ನು ಮಾಡಿದ ಇನ್ನೊಬ್ಬನಿಗೆ 34ನೆಯ ಕಲಮಿನ ಹಾದಿ, ಇವನಿಗೆ ಈ ಕಠಿಣ ಹಾದಿ. ಸೂರಜಮಲ್ ಮೋಹ್ತಾ ಕಂಪೆನಿಯವರು ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 1954ರ ಮೇ 28ರಂದು ಕೋರ್ಟು ಆಯೋಗದ ಕಾಯಿದೆಯ ಒಂದು ಉಪಕಲಮನ್ನು ರದ್ದುಪಡಿಸಿತು. ಒಂದೇ ಬಗೆಯ ಜನರಿಗೆ ಎರಡು ಬಗೆಯ ವಿಧಾನ ಸಲ್ಲದೆಂಬುದೇ ಆಧಾರ. ಅದೇ ವರ್ಷ ಮೀನಾಕ್ಷಿ ಮಿಲ್ಲುಗಳ ಮೊಕದ್ದಮೆಯಲ್ಲಿ ಇನ್ನೊಂದು ಉಪಕಲಮೂ ಬಿದ್ದಿತು. 21ನೆಯ ವಿಧಿಯ ಬಾಗಿಲು ಮುಚ್ಚಿದ್ದರೂ 14ನೆಯದು ತೆರೆದಿತ್ತು.

ಈ ತೀರ್ಪುಗಳನ್ನು ಓದಲು ನರಸಿಂಗರಾಯರು ಇರಲಿಲ್ಲ. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, ಕೊರಿಯಾದ ಯುದ್ಧವು ಹೊತ್ತಿಕೊಂಡ 1950ರ ಜೂನಿನಲ್ಲಿ ಭದ್ರತಾ ಮಂಡಲಿಯ ಅಧ್ಯಕ್ಷರಾಗಿ, 1952ರಿಂದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ದುಡಿದು, 1953ರ ನವೆಂಬರ್ 30ರಂದು ಜೂರಿಕ್ ನಗರದಲ್ಲಿ ಅವರು ತೀರಿಕೊಂಡರು. ಬದುಕಿದ್ದರೆ ತಾವು ಬೇಡವೆಂದದ್ದು ಇನ್ನೊಂದು ಹಾದಿಯಿಂದ ಒಳಬಂದುದನ್ನು ಕಂಡು ಅಸಮಾಧಾನ ಪಡುತ್ತಿದ್ದರೆಂದು ನಮಗೆ ತೋರುವುದಿಲ್ಲ. ಅವರು ಅಂಜಿದ್ದು ಶಾಸನಸಭೆಯ ಕೈಯನ್ನು ಕೋರ್ಟು ಕಟ್ಟೀತೆಂದು; ಪ್ರಜೆಯ ಬಾಯನ್ನು ಅಧಿಕಾರಿಯು ಕಟ್ಟಬೇಕೆಂದಲ್ಲ. ಈ ಎರಡನ್ನೂ ಒಂದೇ ಮಾತಿನಿಂದ ಸಾಧಿಸಹೊರಟದ್ದೇ ಅವರ ಸಲಹೆಯಲ್ಲಿದ್ದ ಕೊರತೆ. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ, ಗೊತ್ತುಪಡಿಸಿದ ವಿಧಾನವು ನ್ಯಾಯವಾದುದಾಗಿಯೂ ಇರಬೇಕೆಂದು ಸುಪ್ರೀಂ ಕೋರ್ಟೇ ಹೇಳಿ ಆ ಕೊರತೆಯನ್ನು ತುಂಬಿತು.

ತೆರಿಗೆಯಲ್ಲಿ ಮುಂದಿನ ಹೆಜ್ಜೆಗಳು ನಿಧಾನವಾಗಿ ಬಂದವು. ಕೇಳಿದರೆ ಕಾರಣಗಳನ್ನು ಕೊಡಬೇಕು, ಆಕ್ಷೇಪಣೆಗೆ ಕಾರಣಸಹಿತ ಉತ್ತರ ಬರೆಯಬೇಕು ಎಂದು 2002ರಲ್ಲಿ ಜಿ. ಕೆ. ಎನ್. ಡ್ರೈವ್‌ಶಾಫ್ಟ್ಸ್ ಮೊಕದ್ದಮೆಯಲ್ಲಿ ನಿರ್ಣಯವಾಯಿತು. 2021ರ ಏಪ್ರಿಲ್ 1ರಿಂದ 148ಎ ಎಂಬ ಕಲಮು ಬಂದು, ಮರುವಿಚಾರಣೆಯ ನೋಟೀಸಿಗೆ ಮುಂಚೆಯೇ ತೆರಿಗೆದಾರನ ಉತ್ತರವನ್ನು ಕೇಳತಕ್ಕದ್ದೆಂದು ವಿಧಿಸಿತು. ಆದರೂ ಮುಂದಿನ ಮೂರು ತಿಂಗಳಲ್ಲಿ ದೇಶದಾದ್ಯಂತ ಸುಮಾರು 90,000 ನೋಟೀಸುಗಳು ಹಳೆಯ ಕ್ರಮದಲ್ಲಿಯೇ ಹೊರಟವು. 2022ರ ಮೇ 4ರಂದು ಸುಪ್ರೀಂ ಕೋರ್ಟು ಅವನ್ನು ರದ್ದುಮಾಡದೆ, ಹೊಸ ಕಲಮಿನ ಪ್ರಕಾರ ಉತ್ತರ ಕೇಳಿದ ನೋಟೀಸುಗಳೆಂದೇ ಭಾವಿಸತಕ್ಕದ್ದೆಂದು ಆಜ್ಞಾಪಿಸಿತು. ಬೊಕ್ಕಸದ ನಷ್ಟವನ್ನು ಎಣಿಸಿ ಹಾಗೆ ಮಾಡಿದರು. ತೆರಿಗೆದಾರನು ಗಡುವು ತಪ್ಪಿದಾಗ ಇಂಥ ಔದಾರ್ಯ ಅವನಿಗೆ ಎಷ್ಟು ಸಾರಿ ದೊರೆತಿದೆ ಎಂಬುದನ್ನು ಲೆಕ್ಕಿಗರೇ ಹೇಳಬೇಕು.

2021ರ ಕಲಮಿನಲ್ಲಿ ಉತ್ತರಕ್ಕೆ 7 ದಿನಗಳಿಗೆ ಕಡಮೆಯಿಲ್ಲದ, 30 ದಿನಗಳಿಗೆ ಮೀರದ ಅವಧಿಯೆಂದು ಬರೆದಿತ್ತು. 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ 7 ದಿನಗಳ ಮಾತು ಅಳಿಸಿಹೋಗಿ, ನೋಟೀಸಿನಲ್ಲಿ ಕಾಣಿಸಿದಷ್ಟು ಅವಧಿ ಎಂದಾಯಿತು.